ಗಡಸು ನೀರಿನಲ್ಲಿ ಒಂದು ಮದುವೆಯ ಮಾತುಕತೆ

ಮೊನ್ನೆ ಹಿತ್ತಲಿನ ಮೂಲೆಯಲ್ಲಿ ಬಿದ್ದಿದ್ದ ಸ್ನಾನದ ಹಂಡೆಯನ್ನು ಹಳೆಯ ಪಾತ್ರೆ ಕೊಳ್ಳುವವನ ಮುಂದೆ ತಂದಿರಿಸಿದೆ. ಅವನು ಅದರ ಹೊಟ್ಟೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದ. ತಾಮ್ರ ಕೊಡಬೇಕಾದ ನಾದ ಬರಲಿಲ್ಲ. ಗೋಡೆಯನ್ನು ತಟ್ಟಿದಂಥ ಸದ್ದು ಬಂತು. ಒಳಗೆ ಕೈಯಾಡಿಸಿ, ಅಂಗೈಗೆ ಹತ್ತಿದ ಬಿಳಿಯ ಪುಡಿಯನ್ನು ಬಿಸಿಲಿಗೆ ಹಿಡಿದು ನೋಡಿ, “ಸಾರ್, ಇದ್ರಾಗೆ ತಾಮ್ರ ಕಮ್ಮಿ ಐತೆ, ನಿಮ್ಮೂರ ನೀರೇ ಜಾಸ್ತಿ ಐತೆ. ಮೊದ್ಲು ಆ ನೀರು ಕೆತ್ತಿಸ್ರಿ, ಆಮ್ಯಾಗೆ ನನ್ನ ಕರೀರಿ” ಎಂದು ಸೈಕಲ್ ಏರಿ ಹೊರಟೇಹೋದ.

ನೀರನ್ನು ಕೆತ್ತಿಸುವುದು ಎಂಬ ಮಾತು ಹೊಳೆಯ ದಂಡೆಯಲ್ಲಿ ಹುಟ್ಟಿದವರಿಗೆ ವಿಚಿತ್ರವಾಗಿ ಕೇಳಿಸಬಹುದು. ಜಗಳೂರಿನ ಹೊರವಲಯದ ನಮ್ಮ ಬಡಾವಣೆಯಲ್ಲಿ ಎಪ್ಪತ್ತರ ದಶಕದ ಕೊನೆಯ ವರ್ಷಗಳನ್ನು ಕಳೆದವರು ಮಾತ್ರ ಅದನ್ನು ನಗದೆ ಕೇಳಬಲ್ಲರು. ಊರೊಳಗಿನ ಓಣಿಗಳು ಸಾಲದೆ, ಒಂದಿಷ್ಟು ನೌಕರರೂ ವ್ಯಾಪಾರಿಗಳೂ ಊರ ಹೊರಗಿನ ಹೊಲದಲ್ಲಿ ಮನೆ ಕಟ್ಟಿಕೊಂಡು, ಅದಕ್ಕೆ ಬಡಾವಣೆಯೆಂದು ತಾವೇ ಹೆಸರಿಟ್ಟುಕೊಂಡಿದ್ದರು. ಅಲ್ಲಿಗೆ ಕೊಳವೆಬಾವಿಯಿಂದ ನಲ್ಲಿಯ ನೀರು ಬಂದ ದಿನ ನಾವು ನಲ್ಲಿಗೆ ಹೂವು ಮುಡಿಸಿ, ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದೆವು. ಮೊದಲ ತಂಬಿಗೆಯ ನೀರನ್ನು ಕುಡಿದ ಹಿರಿಯರೊಬ್ಬರು ತಂಬಿಗೆಯನ್ನು ಕೆಳಗಿಟ್ಟು, “ಕಾಯಿಯ ನೀರು ಎಲ್ಲಿಟ್ರಿ?” ಎಂದು ಕೇಳಿದರು.

ಆ ನೀರು ನೋಡಲು ಸ್ಫಟಿಕದಂತಿತ್ತು. ಅದರ ಗುಣವೆಲ್ಲ ಬಳಕೆಯಲ್ಲಿ ತಿಳಿಯುತ್ತಿತ್ತು. ಸೋಪು ನೊರೆಯಾಗುವುದರ ಬದಲು ಒಡೆದ ಹಾಲಿನಂತೆ ಚೂರುಚೂರಾಗಿ ಮೈಗೆ ಅಂಟುತ್ತಿತ್ತು. ಸ್ನಾನ ಮಾಡಿ ಬಂದವನು, ಮಾಡುವ ಮೊದಲು ಇದ್ದುದಕ್ಕಿಂತ ಹೆಚ್ಚು ಹಿಟ್ಟು ಹಿಟ್ಟಾಗಿ ಕಾಣುತ್ತಿದ್ದ. ಬಿಳಿಯ ಪಂಚೆಗಳು ನಾಲ್ಕಾರು ಒಗೆತಗಳಲ್ಲಿ ವಿರಕ್ತರ ಬಣ್ಣಕ್ಕೆ ತಿರುಗುತ್ತಿದ್ದವು. ಕೂದಲು ಬಾಚಣಿಗೆಗೆ ಮಣಿಯುತ್ತಿರಲಿಲ್ಲ. ಚನ್ನಗಿರಿಯ ಬಸ್ ನಿಲ್ದಾಣದಲ್ಲಿ ಅಪರಿಚಿತರೊಬ್ಬರು ನನ್ನ ತಲೆಯನ್ನು ನೋಡಿಯೇ, “ಜಗಳೂರ ಕಡೇರೇನ್ರೀ?” ಎಂದು ವಿಚಾರಿಸಿದ್ದುಂಟು. ಆದರೆ ಎಲ್ಲಕ್ಕಿಂತ ದೊಡ್ಡ ಸಂಕಟ ತೊಗರಿಬೇಳೆಯದು. ಎಷ್ಟು ಸೌದೆ ಒಟ್ಟಿದರೂ ಅದು ಆ ನೀರಿನಲ್ಲಿ ಕುಣಿಯುತ್ತಿತ್ತೇ ಹೊರತು ಕರಗುತ್ತಿರಲಿಲ್ಲ. ಕುಕ್ಕರ್ ಎಂಬ ಸಾಧನವನ್ನು ನಾವು ಆಗ ಪತ್ರಿಕೆಗಳ ಜಾಹೀರಾತಿನಲ್ಲಿ ಮಾತ್ರ ಕಂಡಿದ್ದೆವು.

ನೀರುಗಳಲ್ಲಿ ಜಾತಿಯಿದೆಯೆಂದು ನನಗೆ ಮೊದಲು ತಿಳಿದದ್ದು ಚಿಕ್ಕಂದಿನಲ್ಲಿ, ಕೆರೆಬಿಳಚಿಯ ಸೋದರತ್ತೆಯ ಮನೆಯಲ್ಲಿ. ಬೇಸಿಗೆಯ ರಜೆಗೆ ಅವ್ವನ ಜೊತೆ ಹೋದವನು ಬಚ್ಚಲಿನಲ್ಲಿ ಸೋಪು ಹಚ್ಚಿಕೊಂಡೆ. ನೊರೆ ಎದ್ದಿತು. ನಮ್ಮೂರ ಬಾವಿಯ ಉಪ್ಪುನೀರಿನಲ್ಲಿ ಬೆಳೆದ ನಾನು ಅದುವರೆಗೆ ನೊರೆಯನ್ನು ಹಾಲು ಕರೆಯುವ ಚೆಂಬಿನಲ್ಲಿ ಮಾತ್ರ ನೋಡಿದ್ದೆ. ತೋಳಿಗೆ ಹಚ್ಚಿದೆ, ತೋಳು ಮಾಯವಾಯಿತು. ಹೊಟ್ಟೆಗೆ ಹಚ್ಚಿದೆ, ಹೊಟ್ಟೆ ಮಾಯವಾಯಿತು. ನೊರೆಯಿಂದ ಗಡ್ಡ ಮಾಡಿಕೊಂಡು ಋಷಿಯಾದೆ, ತಲೆಗೆ ರುಮಾಲು ಸುತ್ತಿಕೊಂಡು ಶಾನುಭೋಗನಾದೆ. ಅತ್ತೆ ಬಾಗಿಲು ಬಡಿದು ಬಡಿದು ಕೊನೆಗೆ ಒಳಗೆ ಬಂದಾಗ ಹೊಸ ಸೋಪು ಹುಣಿಸೆಬೀಜದಷ್ಟಾಗಿತ್ತು. “ಅಯ್ಯೋ, ಈ ಹುಡುಗಂಗೆ ಸೋಪು ಹಚ್ಚಾಕೆ ಕಲಿಸಿಲ್ವೇನೇ?” ಎಂದು ಆಕೆ ನಮ್ಮ ಅವ್ವನನ್ನು ಕೇಳಿದಳು. ಅವ್ವನ ಉತ್ತರ ನನಗೆ ಇನ್ನೂ ನೆನಪಿದೆ: “ಕಲಿಸೀನಿ ಕಣಕ್ಕ. ನಮ್ಮೂರ ಲೆಕ್ಕದಾಗೆ ಕಲಿಸೀನಿ.”

ಇಂಥ ಹುಡುಗ ಮುಂದೆ ದಾವಣಗೆರೆಯಲ್ಲಿ ಕಾಲೇಜು ಸೇರಿ, ಚರ್ಚಾಸ್ಪರ್ಧೆಗಳ ರುಚಿ ಹತ್ತಿಸಿಕೊಂಡ. ಯಾವ ವಿಷಯವನ್ನೇ ಕೊಡಲಿ, ಪರವಾಗಿ ಮಾತನಾಡಿ ಕುಳಿತು, ನೀರು ಕುಡಿದು, ವಿರೋಧವಾಗಿ ಮಾತನಾಡಲು ಏಳಬಲ್ಲವನಾಗಿದ್ದೆ. ನ್ಯಾಮತಿಯ ಒಂದು ಸ್ಪರ್ಧೆಯಲ್ಲಿ ಎದುರಾಳಿ ಬಾರದಿದ್ದುದರಿಂದ ಎರಡೂ ಪಕ್ಷಗಳನ್ನು ನಾನೇ ವಹಿಸಿ, ಮೊದಲನೆಯ ಬಹುಮಾನವನ್ನೂ ಎರಡನೆಯ ಬಹುಮಾನವನ್ನೂ ಪಡೆದೆ. ಪದವಿಯ ಜೊತೆಗೆ ಸಮಾಜವನ್ನು ತಿದ್ದುವ ಹೊಣೆಯನ್ನೂ ಹೊತ್ತು ಜಗಳೂರಿಗೆ ಮರಳಿ, ಪ್ರೌಢಶಾಲೆಯಲ್ಲಿ ಮೇಷ್ಟ್ರಾದೆ. ತಿದ್ದಲು ಸಮಾಜ ಹತ್ತಿರದಲ್ಲೇ ಇತ್ತು: ನಮ್ಮ ಬಡಾವಣೆ.

ಜಲ ಸುಧಾರಣಾ ಸಮಿತಿ ಹುಟ್ಟಿದ್ದು ಹೀಗೆ. ನಾನು ಅಧ್ಯಕ್ಷ. ಎದುರುಮನೆಯ ರುದ್ರಪ್ಪ ಉಪಾಧ್ಯಕ್ಷ. ಬಡಾವಣೆಗೆ ಇದ್ದ ಒಂದೇ ಕಿರಾಣಿ ಅಂಗಡಿ ಅವನದು, ಸಭೆಗೆ ಬೇಕಾದ ಬೆಂಚು ಇದ್ದದ್ದೂ ಆ ಅಂಗಡಿಯ ಜಗಲಿಯ ಮೇಲೇ. ನೀರಿನ ಗಡಸುತನವನ್ನು ಕುರಿತು ಅಲ್ಲಿ ನಾನು ಮಾಡಿದ ಭಾಷಣಗಳನ್ನು ಜನ ಶ್ರದ್ಧೆಯಿಂದ ಕೇಳುತ್ತಿದ್ದರು. ಮುಗಿದ ಮೇಲೆ ಯಾರಾದರೊಬ್ಬರು ಎದ್ದು, “ಎಲ್ಲಾ ಸರಿ ಮೇಷ್ಟ್ರೇ, ನಾಳೆ ನಲ್ಲಿ ಎಷ್ಟೊತ್ತಿಗೆ ಬಿಡ್ತಾರೆ?” ಎಂದು ಕೇಳುತ್ತಿದ್ದರು. ಮೇಲಿನವರಿಗೆ ಮನವಿ ಸಲ್ಲಿಸಿದೆವು. ಅವರು ಬಂದು, ಕುಡಿದು, ಮುಖವನ್ನು ನಾವು ಮಾಡುವ ಹಾಗೆಯೇ ಮಾಡಿ, ಹೊರಟುಹೋದರು.

ನೀರನ್ನು ತಿದ್ದಲಾಗದಿದ್ದರೆ ನೀರು ಬಳಸುವವರನ್ನು ತಿದ್ದಬೇಕೆಂಬುದು ನನ್ನ ಮುಂದಿನ ತರ್ಕ. ಬೇಳೆ ಬೇಯಲೆಂದು ಹೆಂಗಸರು ಪಾತ್ರೆಗೆ ಒಂದು ಚಿಟಿಕೆ ಸೋಡಾಪುಡಿ ಹಾಕುತ್ತಾರೆಂದು ನನಗೆ ತಿಳಿಯಿತು. ಸೋಡಾ ಬೇಳೆಯ ಸತ್ವವನ್ನು ನಾಶಮಾಡುತ್ತದೆಂದು ನಾನು ಎಲ್ಲೋ ಓದಿದ್ದೆ. ಸಭೆ ಕರೆದೆ. ನಾವು ನುಂಗುತ್ತಿರುವುದು ಬೇಳೆಯನ್ನಲ್ಲ, ಬೇಳೆಯ ಭ್ರಮೆಯನ್ನು ಎಂದೆ. ಆ ವಾಕ್ಯ ನನಗೆ ಬಹಳ ಹಿಡಿಸಿದ್ದರಿಂದ ಇನ್ನೊಮ್ಮೆ ಹೇಳಿದೆ. ಕೊನೆಗೆ ಬಡಾವಣೆಯ ಯಜಮಾನರೆಲ್ಲ ಎದ್ದು ನಿಂತು, ತಮ್ಮ ಮನೆಗಳಲ್ಲಿ ಇನ್ನು ಸೋಡಾ ಬಳಸುವುದಿಲ್ಲವೆಂದು ಬಲಗೈ ಚಾಚಿ ಪ್ರತಿಜ್ಞೆ ಮಾಡಿದರು. ರುದ್ರಪ್ಪ ಎದೆ ತಟ್ಟಿಕೊಂಡು, “ನನ್ನ ಅಂಗಡ್ಯಾಗೆ ಇನ್ನ ಸೋಡಾ ಅನ್ನೋ ಮಾತೇ ಇಲ್ಲ” ಎಂದು ಘೋಷಿಸಿದ. ಅಂದು ನಾನು ಮನೆಗೆ ಬಂದು ಅವ್ವನ ಸೋಡಾ ಡಬ್ಬಿಯನ್ನು ಸ್ವಹಸ್ತದಿಂದ ಬಚ್ಚಲಿಗೆ ಸುರಿದೆ. ಅವ್ವ ಖಾಲಿ ಡಬ್ಬಿಯನ್ನು ತೊಳೆದು ಬೋರಲು ಹಾಕಿದಳು. ಮರುದಿನದಿಂದ ನಮ್ಮ ಮನೆಯಲ್ಲಿ ಸಾರು ಬೇರೆ, ಬೇಳೆ ಬೇರೆ ಆಯಿತು. ಎರಡನ್ನೂ ಒಂದೇ ಪಾತ್ರೆಯಲ್ಲಿ ಬಡಿಸಲಾಗುತ್ತಿತ್ತು ಅಷ್ಟೆ. ನಾನು ಅಗಿದೆ. ಆದರ್ಶವನ್ನು ಅಗಿಯಲೇಬೇಕಾಗುತ್ತದೆ ಎಂದುಕೊಂಡು ಅಗಿದೆ.

ಈ ನಡುವೆ ಹೊಳೆಯ ದಂಡೆಯ ಸಾಸ್ವೆಹಳ್ಳಿಯಿಂದ ಒಂದು ಹೆಣ್ಣಿನ ಮಾತು ಬಂತು. ಅವ್ವನೂ ನಾನೂ ನೋಡಲು ಹೋದೆವು. ಹುಡುಗಿಯ ತಂದೆ ಸಿದ್ಧಪ್ಪನವರು ಅಡಿಕೆ ವ್ಯಾಪಾರಿಗಳು. ಮಿತಭಾಷಿಗಳಾದ್ದರಿಂದ ಮಾತಿನ ಭಾರವನ್ನು ನಾನೇ ಹೊತ್ತು, ಗ್ರಾಮಗಳ ನೀರಿನ ಸಮಸ್ಯೆಯನ್ನು ವಿವರಿಸತೊಡಗಿದೆ. ಹುಡುಗಿ, ಸರೋಜ, ಉಪ್ಪಿಟ್ಟಿನ ತಟ್ಟೆ ನನ್ನ ಮುಂದಿಟ್ಟು ಸ್ವಲ್ಪ ಹೊತ್ತು ನಿಂತಳು. ನಾನು ಮೂರನೆಯ ಅಂಶಕ್ಕೆ ಬಂದಾಗ, “ಇನ್ನೂ ಐತೇನ್ರೀ?” ಎಂದಳು. ಇದೆ ಎಂದೆ. “ಹಂಗಾದ್ರೆ ತಟ್ಟೆ ಒಳಗೆ ಇಡ್ತೀನಿ. ಮುಗಿದ ಮ್ಯಾಗೆ ಬಿಸಿ ಮಾಡಿ ತರ್ತೀನಿ” ಎಂದು ತಟ್ಟೆಯನ್ನು ತೆಗೆದುಕೊಂಡು ಒಳಗೆ ಹೋದಳು. ಅಷ್ಟು ವರ್ಷಗಳ ಚರ್ಚಾಜೀವನದಲ್ಲಿ ಯಾವ ಎದುರಾಳಿಯೂ ನನ್ನನ್ನು ಹಾಗೆ ನಿಲ್ಲಿಸಿರಲಿಲ್ಲ. ಬಸ್ಸಿನಲ್ಲಿ ಮರಳುವಾಗ, ಮದುವೆಯಾದರೆ ಈ ಹುಡುಗಿಯನ್ನೇ ಎಂದು ಅವ್ವನಿಗೆ ಹೇಳಿದೆ. ಹೊನ್ನಾಳಿ ದಾಟುವವರೆಗೂ ನಾನು ಬೇರೆ ಮಾತನಾಡಲಿಲ್ಲವೆಂದು ಅವ್ವ ಮುಂದೆ ಎಲ್ಲರಿಗೂ ಹೇಳುತ್ತಿದ್ದಳು.

ಆದರೆ ಆ ಮನೆಯಲ್ಲಿ ಒಂದು ರೂಢಿಯಿತ್ತು. ಹಿಂದೆಂದೋ ಅವರ ಮನೆಯ ಹೆಣ್ಣುಮಗಳೊಬ್ಬಳನ್ನು ಉಪ್ಪುನೀರಿನ ಊರಿಗೆ ಕೊಟ್ಟಿದ್ದರಂತೆ. ಆಕೆ ತವರಿಗೆ ಬಂದಾಗಲೆಲ್ಲ ಹೋಳಿಗೆ ಬಿಟ್ಟು, ಬೆಂದ ಬೇಳೆಯನ್ನು ಬಟ್ಟಲಿಗೆ ಹಾಕಿಸಿಕೊಂಡು ಕಣ್ಣೀರು ಸುರಿಸುತ್ತ ತಿನ್ನುತ್ತಿದ್ದಳಂತೆ. ಅಂದಿನಿಂದ ಬಯಲುಸೀಮೆಗೆ ಹೆಣ್ಣು ಕೊಡುವ ಮೊದಲು ಮನೆಯ ಹಿರಿಯಳು ತವರಿನ ತೊಗರಿಬೇಳೆಯನ್ನು ಗಂಟು ಕಟ್ಟಿಕೊಂಡು ಹೋಗಿ, ಗಂಡಿನ ಮನೆಯ ನೀರಿನಲ್ಲಿ ಬೇಯಿಸಿ ನೋಡಬೇಕು. ಬೆಂದರೆ ತಾಂಬೂಲ, ಬೇಯದಿದ್ದರೆ ನಮಸ್ಕಾರ. ಗಂಡಿನ ಜಾತಕ, ಸಂಬಳ, ನಡತೆ ಎಲ್ಲವೂ ಆಮೇಲಿನವು.

“ರುದ್ರಪ್ಪನ ಗಾಡಿ ಕಟ್ಟಿಸಿ ತ್ವಾಟದ ಬಾವಿಯಿಂದ ಎರಡು ಕೊಡ ಸಿಹಿನೀರು ತರಿಸ್ತೀನಿ. ನೀನು ಸುಮ್ಮನಿರು” ಎಂದಳು ಅವ್ವ.

ನಾನು ಸುಮ್ಮನಿರಲಿಲ್ಲ. ಮೋಸದ ಅಡಿಪಾಯದ ಮೇಲೆ ದಾಂಪತ್ಯದ ಸೌಧವನ್ನು ಕಟ್ಟಲಾಗದು ಎಂದೆ. ಸಿಹಿನೀರು ತೋರಿಸಿ ಉಪ್ಪುನೀರಿಗೆ ಹೆಣ್ಣು ತರುವುದು, ಒಬ್ಬ ವರನನ್ನು ತೋರಿಸಿ ಇನ್ನೊಬ್ಬನಿಗೆ ಧಾರೆ ಎರೆದಂತೆ ಎಂದೆ. ನಲ್ಲಿಯ ನೀರಿನಲ್ಲೇ ಬೇಯಿಸಬೇಕು, ಸೋಡಾ ಇಲ್ಲದೆ ಬೇಯಿಸಬೇಕು ಎಂದೆ. ಅವ್ವ ಒಲೆಯ ಮುಂದೆ ಕುಳಿತೇ ಎಲ್ಲವನ್ನೂ ಕೇಳಿ, “ನೀನೇ ಗೆದ್ದೆ ಬಿಡಪ್ಪಾ. ಹೆಣ್ಣು ಬ್ಯಾಡ, ಆ ಗೆಲುವನ್ನೇ ಕಟ್ಕ” ಎಂದಳು.

ಪರೀಕ್ಷೆಯ ದಿನ ಸಿದ್ಧಪ್ಪನವರು ತಮ್ಮ ತಾಯಿ ಹಾಲಮ್ಮಜ್ಜಿಯನ್ನು ಕರೆದುಕೊಂಡು ಮೊದಲ ಬಸ್ಸಿಗೇ ಬಂದಿಳಿದರು. ಅಜ್ಜಿ ಕುಳಿತುಕೊಳ್ಳುವ ಮೊದಲೇ ನಲ್ಲಿ ಎಲ್ಲಿದೆಯೆಂದು ಕೇಳಿ, ತಾನೇ ತಂಬಿಗೆ ಹಿಡಿದು ನೀರು ತುಂಬಿ, ಸೆರಗಿನ ಗಂಟು ಬಿಚ್ಚಿ ಬೇಳೆ ತೊಳೆದು, ಒಲೆಯ ಮೇಲೆ ಇಟ್ಟಳು. ಆಮೇಲೆ ಗೋಡೆಗೆ ಒರಗಿ ಕಾಲು ಚಾಚಿ, “ಹೂಂ, ಬೇಯಲಿ” ಎಂದಳು, ಬೇಳೆಗೆ ಅಪ್ಪಣೆ ಕೊಡುವವಳಂತೆ.

ನೀರು ಕುದಿಯಿತು. ಬೇಳೆ ಕುಣಿಯಿತು. ಅಜ್ಜಿ ಆಗಾಗ ಎದ್ದು, ಸೌಟಿನಿಂದ ಒಂದು ಕಾಳೆತ್ತಿ ಬೆರಳುಗಳ ನಡುವೆ ಒತ್ತಿ ನೋಡಿ, ಮರಳಿ ಬಂದು ಕೂರುತ್ತಿದ್ದಳು. ಅವ್ವ ಸೌದೆ ತುರುಕುತ್ತಿದ್ದಳು. ನಡುಮನೆಯಲ್ಲಿ ಸಿದ್ಧಪ್ಪನವರು ಕೈಗಡಿಯಾರ ನೋಡಿ, ಕಿಟಕಿ ನೋಡಿ, ಮತ್ತೇನೂ ನೋಡಲು ಉಳಿಯದೆ, “ಇಲ್ಲಿ ನೀರು ಹೆಂಗ್ರೀ ಮೇಷ್ಟ್ರೇ?” ಎಂದು ಕೇಳಿದರು.

ಸೌಜನ್ಯಕ್ಕೆ ಕೇಳಿದ ಪ್ರಶ್ನೆ ಅದು. ಚೆನ್ನಾಗಿದೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪ್ರಶ್ನೆಗೆ ಎರಡು ಪಕ್ಷಗಳಿದ್ದವು, ನ್ಯಾಯವಾಗಿ ಎರಡನ್ನೂ ಮಂಡಿಸಬೇಕಿತ್ತು. ಪರವಾಗಿ ಹೇಳಬೇಕಾದದ್ದು ಬೇಗ ಮುಗಿಯಿತು: ನೀರು ತಿಳಿಯಾಗಿದೆ, ಬಾಗಿಲಿಗೇ ಬರುತ್ತದೆ. ಅನಂತರ ವಿರೋಧಪಕ್ಷಕ್ಕೆ ಹೊರಳಿದೆ. ಸೋಪಿನ ವಿಚಾರ, ಪಂಚೆಯ ವಿಚಾರ, ಕೂದಲಿನ ವಿಚಾರ, ಹಂಡೆಯೊಳಗೆ ಕಲ್ಲುಗಟ್ಟುವ ವಿಚಾರ ಒಂದೊಂದಾಗಿ ಬಂದವು. ಇಂಥ ನೀರಿಗೆ ಹೊಳೆಯ ದಂಡೆಯ ಹೆಣ್ಣುಮಗಳನ್ನು ಕಳುಹಿಸುವ ತಂದೆ ತನ್ನ ಅಂತಃಕರಣಕ್ಕೆ ಏನೆಂದು ಉತ್ತರಿಸಬೇಕು ಎಂಬ ಪ್ರಶ್ನೆಯೊಂದಿಗೆ ಮುಗಿಸಿದೆ. ಒಳ್ಳೆಯ ಮುಕ್ತಾಯ. ಸಭೆಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಸಿದ್ಧಪ್ಪನವರು ಕೈಯಲ್ಲಿದ್ದ ಲೋಟದ ನೀರನ್ನು ಒಮ್ಮೆ ನೋಡಿ ಕೆಳಗಿಟ್ಟರು. “ನನಗೆ ಇಷ್ಟೆಲ್ಲ ಹೊಳೆದಿರ್ಲಿಲ್ಲ ರೀ” ಎಂದರು. “ನೀವು ಹೇಳಿದ್ದು ಚಲೋ ಆತು. ಈಗ ಕೊಡಾಕೆ ಮನಸ್ಸೇ ಬರವಲ್ದು.”

ಒಳಗಿನಿಂದ ಅವ್ವ ಸೌದೆಯನ್ನು ನೆಲಕ್ಕೆ ಕುಕ್ಕಿದ ಸದ್ದು ಕೇಳಿಸಿತು. ಆಗ ಮಾತ್ರ ನನಗೆ ತಿಳಿಯಿತು: ಈ ವಾದದಲ್ಲಿ ನಾನು ಸೋಲಿಸಿದವನು ನಾನೇ. ಸಾಸ್ವೆಹಳ್ಳಿಯ ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡು ಒಳಗೆ ಹೋದ ಹುಡುಗಿ ಕಣ್ಣಮುಂದೆ ಬಂದಳು. ಲೋಟ ಎತ್ತಿ ಕುಡಿದೆ. ಅದೇ ನೀರು.

ಊಟದ ಹೊತ್ತು ಮೀರಿತು. ಬೇಳೆ ಇಟ್ಟಂತೆಯೇ ಇತ್ತು. ಸಿದ್ಧಪ್ಪನವರು ಎರಡು ಸಲ ಆಕಳಿಸಿ, ಹಿಂದಿರುಗುವ ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಿಸಿದರು. ಆಗ ಹಿತ್ತಲ ಬಾಗಿಲು ಮೆಲ್ಲಗೆ ತೆರೆಯಿತು. ರುದ್ರಪ್ಪನ ಹೆಂಡತಿ ಗಂಗಮ್ಮ, ಸೆರಗಿನಡಿ ಮುಚ್ಚಿದ ಪಾತ್ರೆ ಹಿಡಿದು ಒಳಗೆ ಬಂದಳು. ಅವಳ ಹಿಂದೆಯೇ ಪಕ್ಕದ ಮನೆಯವಳು, ಅವಳ ಹಿಂದೆ ಮೂಲೆಮನೆಯವಳು. ಮೇಷ್ಟ್ರ ಮನೆಯ ಒಲೆ ಬೆಳಗಿನಿಂದ ಹೊಗೆಯಾಡುತ್ತಿರುವುದನ್ನು ಬಡಾವಣೆಯೆಲ್ಲ ನೋಡಿ, ಒಳಗಿನ ಸ್ಥಿತಿಯನ್ನು ಅರ್ಥಮಾಡಿಕೊಂಡಿತ್ತು. ನನ್ನ ಮದುವೆ ಆಗಲೇಬೇಕೆಂಬುದು ಬಡಾವಣೆಯ ಒಮ್ಮತದ ಆಸೆಯಾಗಿತ್ತು. ಹೆಂಡತಿ ಬಂದರೆ ಸಂಜೆಯ ಸಭೆಗಳು ಕಡಿಮೆಯಾಗುತ್ತವೆಂದು ಅವರ ನಂಬಿಕೆ. ಅಡುಗೆಮನೆಯಲ್ಲಿ ಪಾತ್ರೆಗಳ ಸಾಲು ಬೆಳೆಯಿತು. ಅವ್ವ ಎಲೆ ಹಾಕಿದಳು.

ಹಾಲಮ್ಮಜ್ಜಿ ಮೊದಲನೆಯ ಮನೆಯ ಸಾರನ್ನು ಅನ್ನಕ್ಕೆ ಕಲಸಿ ಬಾಯಿಗಿಟ್ಟಳು. ಎರಡನೆಯ ಮನೆಯ ತೊವ್ವೆ ಹಾಕಿಸಿಕೊಂಡಳು. ಮೂರನೆಯದನ್ನು ಬೆರಳಿನಿಂದ ತೀಡಿ ನೋಡಿದಳು. ಬೇಳೆ ಬೆಣ್ಣೆಯಂತೆ ಕರಗಿತ್ತು. ನಾನೂ ತಿಂದೆ. ಎಷ್ಟೋ ತಿಂಗಳುಗಳ ಬಳಿಕ ನನ್ನ ದವಡೆಗೆ ಕೆಲಸವಿರಲಿಲ್ಲ.

“ಇದು ಯಾವ ನೀರು?” ಎಂದಳು ಅಜ್ಜಿ.

“ಇದೇ ನಲ್ಲಿ ನೀರು ಕಣಜ್ಜಿ. ನಮಗೆ ಬೇರೆ ನೀರೆಲ್ಲಿಂದ ಬರಬೇಕು?” ಎಂದಳು ಗಂಗಮ್ಮ.

“ಮತ್ತೆ ಇವರ ಒಲೆ ಮ್ಯಾಗೆ ಯಾಕೆ ಬೇಯವಲ್ದು?”

ಬಾಗಿಲಲ್ಲಿ ನಿಂತಿದ್ದ ರುದ್ರಪ್ಪ ನಮ್ಮ ಮಾಡಿನ ಜಂತೆಗಳನ್ನು ಆಸಕ್ತಿಯಿಂದ ನೋಡತೊಡಗಿದ. ನನಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಆ ಪ್ರತಿಜ್ಞೆಯ ದಿನದಿಂದ ಈ ಮನೆಗಳಿಗೆ ಹೋದಾಗಲೆಲ್ಲ ನನಗೆ ಮಂಡಕ್ಕಿಯನ್ನೇ ಕೊಡುತ್ತಿದ್ದರೇ ಹೊರತು ಒಮ್ಮೆಯೂ ಊಟಕ್ಕೆ ಕೂರಿಸಿರಲಿಲ್ಲ.

“ರುದ್ರಪ್ಪ,” ಎಂದೆ, “ಪ್ರತಿಜ್ಞೆ?”

“ಮಾಡಿದ್ವಲ್ಲ ಮೇಷ್ಟ್ರೇ. ಚೆನ್ನಾಗೇ ಮಾಡಿದ್ವಿ” ಎಂದ.

“ಪ್ರತಿಜ್ಞೆ ಮಾಡಿದ್ದು ಗಂಡಸ್ರು ರೀ. ಅಡಿಗೆ ಮಾಡೋರು ನಾವು” ಎಂದಳು ಗಂಗಮ್ಮ. ಆಮೇಲೆ ಸ್ವಲ್ಪ ಮೆತ್ತಗೆ, “ನಿಮಗೆ ಹೇಳಾಕೆ ಯಾರಿಗೂ ಬಾಯಿ ಬರ್ಲಿಲ್ಲ. ಅಷ್ಟು ಕಷ್ಟಪಟ್ಟು ಮಾತಾಡಿದ್ರಿ” ಎಂದಳು.

ಅಜ್ಜಿ ನನ್ನ ಕಡೆ ತಿರುಗಿದಳು. “ಏನು ತಮ್ಮಾ ಇದು?”

ಈಗಲೂ ಒಂದು ಅವಕಾಶವಿತ್ತು. ಅವ್ವನ ಕಣ್ಣು ನನ್ನ ಮೇಲಿತ್ತು. ಆದರೆ ಕೇಳಿದ್ದಕ್ಕೆ ನಿಜ ಹೇಳುವ ಚಾಳಿ ಹೋಗುವಂಥದ್ದಲ್ಲ. “ಸೋಡಾ ಹಾಕಿದ್ದಾರೆ ಅಜ್ಜಿ. ನಾನು ಬೇಡವೆಂದು ಭಾಷಣ ಮಾಡಿದ್ದೆ” ಎಂದೆ.

“ಬೇಯದ ಬ್ಯಾಳಿಗೆ ಸೋಡಾ ಹಾಕದೆ ಭಾಷಣ ಹಾಕ್ತಾರೇನಪ್ಪಾ?” ಎಂದು ಅಜ್ಜಿ ನಗತೊಡಗಿದಳು. ಹಲ್ಲಿಲ್ಲದ ಬಾಯಿಯ ಆ ನಗೆ ಗಂಗಮ್ಮನಿಗೆ ಹತ್ತಿ, ಅಲ್ಲಿಂದ ಹಿತ್ತಲವರೆಗೆ ಹೋಯಿತು. ಕಣ್ಣೊರೆಸಿಕೊಂಡು ಅಜ್ಜಿ ಮಗನಿಗೆ ಹೇಳಿದಳು: “ಸಿದ್ಧಪ್ಪಾ, ತಾಂಬೂಲ ತಗಿ.”

“ಅವ್ವಾ, ನೀರು—”

“ನೀರಿಗೆ ಬೆಂಕಿ ಹಚ್ಚು. ಇಡೀ ಬಡಾವಣೆ ಈ ಹುಡುಗಂಗೆ ಇಷ್ಟು ದಿನ ಸುಳ್ಳು ಹೇಳೈತೆ, ಇವನಿಗೆ ಗೊತ್ತೇ ಆಗಿಲ್ಲ. ಇಂಥೋನ ಮನ್ಯಾಗೆ ನಮ್ಮ ಸರೋಜ ಸುಖವಾಗಿರ್ತಾಳೆ.”

ಇದಕ್ಕೆ ಪ್ರತಿವಾದ ಹುಡುಕಲು ನಾನು ಬಾಯಿ ತೆರೆದೆ. ಅವ್ವ ಅದರೊಳಗೆ ಒಂದು ತುಂಡು ಬೆಲ್ಲವನ್ನು ಇಟ್ಟಳು.

ಮದುವೆ ಆ ವರ್ಷವೇ ಸಾಸ್ವೆಹಳ್ಳಿಯಲ್ಲಿ ನಡೆಯಿತು. ಬಡಾವಣೆಯವರೆಲ್ಲ ಬಂದು, ಮದುವೆಯನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಹೊಳೆಯಲ್ಲಿ ಮಿಂದರು. ಸರೋಜ ಜಗಳೂರಿಗೆ ಬಂದ ಮೊದಲ ವಾರ, ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದು ಎಲೆಯ ಮುಂದೆ ಕುಳಿತೆ. ತೊವ್ವೆ ಬಡಿಸಿದಳು. ಬೇಳೆ ಕಾಣಿಸಲಿಲ್ಲ, ಕರಗಿ ಬಂಗಾರದ ಬಣ್ಣದ ಗಂಜಿಯಾಗಿತ್ತು, ಮೇಲೆ ಒಗ್ಗರಣೆಯ ಸಾಸಿವೆ ತೇಲುತ್ತಿತ್ತು. ನಾನು ತಲೆಯೆತ್ತಿ ನೋಡಿದೆ. ಅವ್ವ ಗೋಡೆಯ ಕಡೆ ತಿರುಗಿಕೊಂಡಳು.

“ಬೇಳೆ ಹೇಗೆ ಬೆಂದಿತು?” ಎಂದು ಕೇಳಿದೆ.

“ನಿಮ್ಮ ಸಮಿತಿ ಕೆಲಸ ಮಾಡಾಕೆ ಶುರು ಮಾಡೈತೆ ಅನ್ಸುತ್ತೆ ರೀ” ಎಂದಳು ಸರೋಜ, ಸೌಟನ್ನು ಪಾತ್ರೆಯ ಅಂಚಿಗೆ ತಟ್ಟುತ್ತ. “ನೀರು ಭಾಳ ಸುಧಾರಿಸೈತೆ.”

ನನ್ನಲ್ಲಿ ಇದಕ್ಕೆ ಪ್ರಬಲವಾದ ಆಕ್ಷೇಪಗಳಿದ್ದವು. ಅವುಗಳನ್ನು ಮನಸ್ಸಿನಲ್ಲೇ ಕ್ರಮವಾಗಿ ಜೋಡಿಸಿಕೊಂಡೆ. ಅಷ್ಟರಲ್ಲಿ ಎಲೆ ಖಾಲಿಯಾಗಿತ್ತು. “ಇನ್ನೊಂದು ಸೌಟು ಹಾಕು” ಎಂದೆ.